ಸುಟ್ಟ ಮೋಟಾರನ್ನು ಗುಜರಿಗೆ ಹಾಕುವ ಮುನ್ನ ಮಗಳಿಗೆ ತೋರಿಸಿ

ಕಮಲಾಪುರದ ಅಣ್ಣನವರಿಗೆ ಶರಣು.

ನಿನ್ನೆ ನೀವು ಗುಂಪಿನಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಕೆಂಪು ಬಾಳೆಗೆ ನೀರು ಹಾಯಿಸುವ ಬಾವಿಯ 5 ಎಚ್‌ಪಿ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟದ್ದು ಏಕೆ ಎಂಬುದು ಒಂದು. ಹತ್ತನೇ ತರಗತಿಯ ಮಗಳು "ಅಪ್ಪಾ, ಕರೆಂಟಿಗೂ ವೋಲ್ಟೇಜಿಗೂ ಏನು ವ್ಯತ್ಯಾಸ? ತಂತಿ ಸುತ್ತಿಟ್ಟರೆ ಮೋಟಾರು ಹೇಗೆ ತಿರುಗುತ್ತದೆ?" ಎಂದು ಕೇಳಿದಾಗ ಏನು ಹೇಳಬೇಕಿತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹಲವರು ಸ್ಟಾರ್ಟರ್, ಅಂದರೆ ಮೋಟಾರು ಹೊರಡಿಸುವ ಪೆಟ್ಟಿಗೆ, ಬದಲಿಸಿ ಎಂದಿದ್ದಾರೆ. ಎರಡನೆಯದಕ್ಕೆ ಯಾರೂ ಬಾಯಿ ಬಿಟ್ಟಿಲ್ಲ. ಕಲಬುರಗಿಯಲ್ಲಿ ಮೋಟಾರ್ ವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ) ಮಾಡಿಕೊಂಡು 22 ವರ್ಷ ಕಳೆದ ನನಗೆ, ಮಗಳ ಪ್ರಶ್ನೆಯಲ್ಲೇ ನಿಮ್ಮ ಪ್ರಶ್ನೆಯ ಉತ್ತರವೂ ಇದೆ ಎನ್ನಿಸಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದನ್ನು ಅವಳ ಜೊತೆ ಕುಳಿತು ಓದಿ.

ಮನೆಯ ಮೇಲಿನ ನೀರಿನ ತೊಟ್ಟಿಯಿಂದ ಶುರು ಮಾಡೋಣ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ಕೆಳಗಿನ ನಲ್ಲಿಯಲ್ಲಿ ಅಷ್ಟು ಒತ್ತಡ. ಆ ಎತ್ತರದ ಜಾಗದಲ್ಲಿ ವೋಲ್ಟೇಜ್ ಇಟ್ಟುಕೊಳ್ಳಿ. ಪಠ್ಯದಲ್ಲಿ ಅದನ್ನೇ ವಿಭವಾಂತರ ಎಂದಿದ್ದಾರೆ. ಒಂದು ಸೆಕೆಂಡಿಗೆ ಎಷ್ಟು ನೀರು ಹರಿಯಿತು ಎಂಬುದರ ಜಾಗದಲ್ಲಿ ಕರೆಂಟು, ಅಂದರೆ ಆಂಪಿಯರ್. ಪೈಪು ಸಣ್ಣದಾದಷ್ಟೂ ಉದ್ದವಾದಷ್ಟೂ ನೀರಿಗೆ ತಡೆ ಹೆಚ್ಚು. ತಂತಿಯಲ್ಲಿ ಆ ತಡೆಗೆ ರೋಧ ಎಂದು ಹೆಸರು, ಅಳತೆ ಓಮ್. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. ಓಮನ ನಿಯಮ ಇಷ್ಟೇ. ಆದರೆ ಈ ಹೋಲಿಕೆ ಒಂದು ಕಡೆ ಕೈ ಕೊಡುತ್ತದೆ, ಅದನ್ನೂ ಅವಳಿಗೆ ಹೇಳಿ: ಪೈಪು ಕಡಿದರೆ ನೀರು ಹೊರಗೆ ಚೆಲ್ಲುತ್ತದೆ, ತಂತಿ ಕಡಿದರೆ ಕರೆಂಟು ನಿಂತೇ ಹೋಗುತ್ತದೆ. ಹೋಗುವ ದಾರಿ ಮತ್ತು ಮರಳುವ ದಾರಿ ಎರಡೂ ಕೂಡಿ ಮಂಡಲ ಪೂರ್ತಿಯಾದರೆ ಮಾತ್ರ ಕರೆಂಟು ಹರಿಯುತ್ತದೆ.

ಈ ಒಂದು ಭಾಗಾಕಾರ ಜೀವ ಉಳಿಸುತ್ತದೆ. ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. ನೀರು ಹಾಯಿಸಿದ ಬಾಳೆ ತೋಟದಲ್ಲಿ ಬರಿಗಾಲಲ್ಲಿ ನಿಂತು 230 ವೋಲ್ಟಿನ ತಂತಿ ಮುಟ್ಟಿದರೆ 230ನ್ನು 1000ದಿಂದ ಭಾಗಿಸಿ: 0.23 ಆಂಪಿಯರ್. ಎದೆಯ ಮೂಲಕ 0.1 ಆಂಪಿಯರ್ ಹಾದುಹೋದರೂ ಹೃದಯ ನಿಲ್ಲಬಹುದು. ಅದೇ ಒದ್ದೆ ಕೈಯಲ್ಲಿ 1.5 ವೋಲ್ಟಿನ ಟಾರ್ಚ್ ಸೆಲ್ಲು ಹಿಡಿದರೆ ಬರುವುದು 0.0015 ಆಂಪಿಯರ್, ತಿಳಿಯುವುದೂ ಇಲ್ಲ. ಆದ್ದರಿಂದ ಮುಂದೆ ಹೇಳುವ ಪ್ರಯೋಗಗಳೆಲ್ಲ ಟಾರ್ಚ್ ಸೆಲ್ಲಿನಲ್ಲಿ ಮಾತ್ರ. ಗೋಡೆಯ ಪ್ಲಗ್ಗಿನ ಹತ್ತಿರ, ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಅವಳನ್ನು ಬಿಡಬೇಡಿ. ಈ ಮಾತಿನಲ್ಲಿ ನನ್ನ ಬಳಿ ರಿಯಾಯಿತಿ ಇಲ್ಲ.

ಈಗ ಆಯಸ್ಕಾಂತಕ್ಕೆ ಬರುತ್ತೇನೆ. ಹೊಲಿಗೆಯ ಸೂಜಿಯೊಂದನ್ನು ಆಯಸ್ಕಾಂತದ ಒಂದೇ ತುದಿಗೆ, ಒಂದೇ ದಿಕ್ಕಿನಲ್ಲಿ ಮೂವತ್ತು ನಲವತ್ತು ಸಲ ಉಜ್ಜಿ, ಥರ್ಮೋಕೋಲ್ ಚೂರಿನ ಮೇಲಿಟ್ಟು ಪ್ಲಾಸ್ಟಿಕ್ ಬೋಗುಣಿಯ ನೀರಿನಲ್ಲಿ ತೇಲಿಬಿಡಲಿ. ಸೂಜಿ ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತದೆ. ಅದರ ಮೇಲೆ, ಅದರ ಉದ್ದಕ್ಕೇ ಒಂದು ತಂತಿ ಹಿಡಿದು, ತಂತಿಯ ಎರಡು ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಲಿ. ಸೂಜಿ ಪಕ್ಕಕ್ಕೆ ಹೊರಳುತ್ತದೆ! ಸೆಲ್ಲನ್ನು ತಿರುಗಿಸಿ ಹಿಡಿದರೆ ಇನ್ನೊಂದು ಪಕ್ಕಕ್ಕೆ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡದ್ದು ಇದನ್ನೇ. ಕರೆಂಟು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂಬ ಸಾಲನ್ನು ಬಾಯಿಪಾಠ ಮಾಡುವುದಕ್ಕೂ, ಆ ಸೂಜಿ ಹೊರಳಿದ್ದನ್ನು ಕಣ್ಣಾರೆ ನೋಡುವುದಕ್ಕೂ ಅಜಗಜಾಂತರ.

ಒಂದು ತಂತಿಗೆ ಅಷ್ಟು ಶಕ್ತಿಯಾದರೆ ನೂರು ಸುತ್ತಿಗೆ ಎಷ್ಟು? ಬೆರಳು ಗಾತ್ರದ ಕಬ್ಬಿಣದ ಬೋಲ್ಟಿಗೆ 26 ಗೇಜಿನ ಎನಾಮಲ್ (ಕರೆಂಟು ತಡೆಯುವ ತೆಳು ಲೇಪ) ಬಳಿದ ತಾಮ್ರದ ತಂತಿಯನ್ನು ಒತ್ತೊತ್ತಾಗಿ ನೂರು ಸುತ್ತು ಸುತ್ತಿಸಿ. ತಂತಿಯನ್ನು ಸುಟ್ಟ ಮೋಟಾರಿನಿಂದ ಬಿಚ್ಚಬೇಡಿ. ಅದರ ಎನಾಮಲ್ ಕರಗಿ ಹೋಗಿರುತ್ತದೆ, ಸುತ್ತುಗಳು ಒಂದಕ್ಕೊಂದು ತಾಗಿ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಯಾವುದೇ ವೈಂಡಿಂಗ್ ಅಂಗಡಿಯಲ್ಲಿ ಉಳಿದ ಹೊಸ ತುಂಡು ತಂತಿ ಕೇಳಿದರೆ ಕೊಡುತ್ತಾರೆ. ತುದಿಗಳ ಎನಾಮಲನ್ನು ಬ್ಲೇಡಿನಿಂದ ಚೆನ್ನಾಗಿ ಕೆರೆಯಬೇಕು. ಮಕ್ಕಳ ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸೆಲ್ಲಿಗೆ ಮುಟ್ಟಿಸಿದರೆ ಬೋಲ್ಟು ಮೊಳೆಗಳನ್ನು ಎತ್ತುತ್ತದೆ, ಬಿಟ್ಟರೆ ಉದುರಿಸುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಅಷ್ಟು ತಂತಿಯ ರೋಧ ಅರ್ಧ ಓಮ್ ಕೂಡ ಇಲ್ಲ, ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಆ ಬಿಸಿಯನ್ನು ಅವಳು ಬೆರಳಿನಿಂದ ಮುಟ್ಟಿ ನೋಡಲಿ, ನಿಮ್ಮ ಮೋಟಾರು ಸುಟ್ಟ ಕಥೆ ಅಲ್ಲಿಯೇ ಇದೆ. (ನಿಮ್ಮ ಊರಿನಿಂದ ಮುಂದೆ ಬೀದರಿಗೆ ಹೋದರೆ ಬಿದ್ರಿ ಪಾತ್ರೆ ಮಾಡುವವರು ಕರಗಿಸುವ ಮುಖ್ಯ ಲೋಹ ಸತು. ಸಾಮಾನ್ಯ ಟಾರ್ಚ್ ಸೆಲ್ಲಿನ ಡಬ್ಬಿಯೂ ಸತುವೇ. ವೋಲ್ಟಾ 1800ರಲ್ಲಿ ತನ್ನ ಮೊದಲ ಬ್ಯಾಟರಿಗೆ ಪೇರಿಸಿದ್ದರಲ್ಲಿಯೂ ಸತುವಿನ ಬಿಲ್ಲೆಗಳಿದ್ದವು. ಮಗಳಿಗೆ ಹೇಳಿ, ಖುಷಿಪಡುತ್ತಾಳೆ.)

ಕರೆಂಟಿನಿಂದ ಕಾಂತತ್ವ ಬಂತು. ಕಾಂತತ್ವದಿಂದ ಕರೆಂಟು ಬರುತ್ತದೆಯೇ? ಬರುತ್ತದೆ ಎಂದು 1831ರಲ್ಲಿ ಫ್ಯಾರಡೆ ತೋರಿಸಿದ. ಅದಕ್ಕೆ ಒಂದು ಷರತ್ತು ಇದೆ: ಆಯಸ್ಕಾಂತ ಸುಮ್ಮನೆ ಇದ್ದರೆ ಆಗದು, ಸುರುಳಿಯ ಹತ್ತಿರ ಅದು ಚಲಿಸಬೇಕು. ಐನೂರು ಸುತ್ತಿನ ಸುರುಳಿಗೆ ಮಲ್ಟಿಮೀಟರ್ ಜೋಡಿಸಿ, ಡಿಸಿ ಮಿಲಿವೋಲ್ಟಿಗೆ ಇಟ್ಟು, ಆಯಸ್ಕಾಂತವನ್ನು ರಭಸದಿಂದ ತಂದು ಹಿಂದಕ್ಕೆ ಎಳೆಯಲಿ. ಅಂಕಿ ಏರುತ್ತದೆ, ಇಳಿಯುತ್ತದೆ, ಕೈ ನಿಂತರೆ ಸೊನ್ನೆ. ವಿದ್ಯುತ್ಕಾಂತೀಯ ಪ್ರೇರಣೆ ಎಂಬ ದೊಡ್ಡ ಪದದ ಒಳಗೆ ಇರುವುದು ಈ ಕೈಯಾಟ.

ಇಷ್ಟಾದ ಮೇಲೆ ಮೋಟಾರನ್ನು ಬಿಚ್ಚಿ ತೋರಿಸಿ. ಹೊರಗಿನ ಸ್ಟೇಟರಿನಲ್ಲಿ ತಾಮ್ರದ ಸುರುಳಿಗಳಿವೆ. ಒಳಗೆ ತಿರುಗುವ ರೋಟರಿಗೆ ಮಾತ್ರ ಯಾವ ತಂತಿಯೂ ಹೋಗಿಲ್ಲ! ಹಾಗಾದರೆ ಅದನ್ನು ತಿರುಗಿಸುವುದು ಯಾರು? ಮೂರು ಫೇಸಿನ, ಅಂದರೆ ಮೂರು ಲೈನ್ ತಂತಿಗಳಲ್ಲಿ ಬರುವ, ಕರೆಂಟು ಒಂದೇ ಸಲ ಏರುವುದಿಲ್ಲ, ಒಂದರ ಹಿಂದೆ ಒಂದು ಸರದಿಯ ಮೇಲೆ ಏರಿಳಿಯುತ್ತದೆ. ಅದರಿಂದ ಸ್ಟೇಟರಿನ ಕಾಂತಕ್ಷೇತ್ರ, ಕಣದಲ್ಲಿ ಹಂತಿ ಹೂಡಿದಾಗ ಎತ್ತುಗಳು ಮೇಟಿಯ ಸುತ್ತ ಸುತ್ತುವಂತೆ, ಸುತ್ತುತ್ತಲೇ ಇರುತ್ತದೆ. ಸೆಕೆಂಡಿಗೆ 50 ಸಲ ಏರಿಳಿಯುವ 50 ಹರ್ಟ್ಸ್‌ನಲ್ಲಿ ಎರಡು ಧ್ರುವದ ಮೋಟಾರಿನಲ್ಲಿ ನಿಮಿಷಕ್ಕೆ 3000 ಸುತ್ತು. ಆ ಸುತ್ತುವ ಕ್ಷೇತ್ರ ರೋಟರಿನ ಅಲ್ಯೂಮಿನಿಯಂ ಸರಳುಗಳನ್ನು ಹಾದು ಹೋಗುವಾಗ, ಫ್ಯಾರಡೆಯ ನಿಯಮದಂತೆ ಅವುಗಳಲ್ಲಿ ಕರೆಂಟು ಹುಟ್ಟುತ್ತದೆ. ಕರೆಂಟು ಹುಟ್ಟಿತೆಂದರೆ ಅದೂ ಆಯಸ್ಕಾಂತವಾಯಿತು, ಕ್ಷೇತ್ರದ ಬೆನ್ನು ಹತ್ತಿ ಓಡುತ್ತದೆ. ಮೋಟಾರಿನ ಮೈಮೇಲಿನ ವಿವರದ ತಗಡಿನಲ್ಲಿ, ಅಂದರೆ ನೇಮ್ ಪ್ಲೇಟಿನಲ್ಲಿ, 3000 ಎಂದು ಇರುವುದಿಲ್ಲ, 2880ರ ಆಸುಪಾಸು ಇರುತ್ತದೆ. ಏಕೆ ಎಂದು ಮಗಳನ್ನೇ ಕೇಳಿ. ರೋಟರು ಕ್ಷೇತ್ರದ ಸಮಕ್ಕೆ ಓಡಿದರೆ ಅದರ ಪಾಲಿಗೆ ಕ್ಷೇತ್ರ ನಿಂತಂತೆಯೇ. ನಿಂತ ಆಯಸ್ಕಾಂತದಿಂದ ಕರೆಂಟು ಹುಟ್ಟುವುದಿಲ್ಲ, ಎಳೆಯುವ ಬಲವೂ ಇಲ್ಲ. ಹಿಂದೆ ಬೀಳುವುದರಿಂದಲೇ ಅದು ತಿರುಗುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದರೂ ನನಗೆ ಇದು ಇನ್ನೂ ಬೆರಗಿನ ವಿಷಯ.

ಇನ್ನು ನಿಮ್ಮ ಪ್ರಶ್ನೆ. ಒಂದು ಫೇಸು ಹೋದರೆ ಉಳಿದ ಎರಡರಿಂದ ಸುತ್ತುವ ಕ್ಷೇತ್ರ ಆಗುವುದಿಲ್ಲ, ಇದ್ದಲ್ಲೇ ಹೆಚ್ಚು ಕಡಿಮೆಯಾಗುತ್ತದೆ. ನಿಂತ ಮೋಟಾರು ಗುಂಯ್ ಎನ್ನುತ್ತದೆ, ಹೊರಡುವುದಿಲ್ಲ. ಓಡುತ್ತಿರುವಾಗ ಹೋದರೆ ಓಡುತ್ತಲೇ ಇರಬಹುದು, ಆದರೆ ಉಳಿದ ಎರಡು ತಂತಿಗಳು ಸುಮಾರು 1.7 ಪಟ್ಟು ಕರೆಂಟು ಎಳೆಯುತ್ತವೆ. ಬಿಸಿ ಏರುವುದು ಕರೆಂಟಿನ ವರ್ಗದಂತೆ: ಕರೆಂಟು 1.7 ಪಟ್ಟಾದರೆ ಬಿಸಿ ಸುಮಾರು ಮೂರು ಪಟ್ಟು. ಸುರುಳಿ ನೋಡಿದರೆ ಇದರ ಗುರುತು ಸಿಗುತ್ತದೆ. ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಕೂಡುವ ಸ್ಟಾರ್ ಜೋಡಣೆಯಾದರೆ ಎರಡು ಫೇಸಿನ ಸುರುಳಿ ಕರಕಲಾಗಿ ಒಂದು ಹೊಸದರಂತೆ ಉಳಿದಿರುತ್ತದೆ. ಮೂರೂ ಸುರುಳಿ ತ್ರಿಕೋನದಂತೆ ಸೇರುವ ಡೆಲ್ಟಾ ಆದರೆ ಒಂದು ಫೇಸು ಸುಟ್ಟು ಎರಡು ಉಳಿದಿರುತ್ತವೆ. ಹೀಗಿದ್ದರೆ ಮೊದಲು ಫ್ಯೂಸು, ಕಟೌಟು, ಸ್ಟಾರ್ಟರಿನ ಕಾಂಟ್ಯಾಕ್ಟ್ ನೋಡಿಸಿ, ಒಂದು ಫೇಸು ಹೋದೊಡನೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ. ಎಲ್ಲ ಸುರುಳಿಯೂ ಸಮನಾಗಿ ಕಪ್ಪಾಗಿದ್ದರೆ ಕಾರಣ ಕಡಿಮೆ ವೋಲ್ಟೇಜು ಅಥವಾ ಹೆಚ್ಚಿನ ಹೊರೆ.

ನನಗೆ ಅನುಮಾನ ನಿಮ್ಮ ಕೇಬಲ್ಲಿನ ಮೇಲೆ. ಕಂಬದಿಂದ ಬಾವಿಗೆ 300 ಮೀಟರ್, 2.5 ಚದರ ಮಿಲಿಮೀಟರಿನ ತಾಮ್ರ ಎಂದು ಬರೆದಿದ್ದೀರಿ. ಆ ಗಾತ್ರದ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್, ನಿಮ್ಮ ಉದ್ದಕ್ಕೆ ಒಂದೊಂದು ತಂತಿಗೆ 2.2 ಓಮ್. 5 ಎಚ್‌ಪಿ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ ತಂತಿಗೆ 17.6 ವೋಲ್ಟು, ಫೇಸಿನಿಂದ ಫೇಸಿಗೆ 1.73 ಪಟ್ಟು, ಅಂದರೆ ದಾರಿಯಲ್ಲಿಯೇ ಸುಮಾರು 30 ವೋಲ್ಟು ಖರ್ಚು. ಕಂಬದಲ್ಲಿಯೇ 350 ಇರುತ್ತದೆ ಎಂದಿದ್ದೀರಿ, ಮೋಟಾರಿಗೆ ಮುಟ್ಟುವುದು 320. ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, ಮೂರು ಫೇಸಿಗೆ ಇರಬೇಕಾದ 415 ವೋಲ್ಟಿಗೆ ಹೋಲಿಸಿದರೆ ಉಳಿಯುವುದು ನೂರಕ್ಕೆ 60ರಷ್ಟು. ಅದೇ ನೀರು ಎತ್ತಬೇಕಾದ್ದರಿಂದ ಮೋಟಾರು ಇನ್ನಷ್ಟು ಕರೆಂಟು ಎಳೆಯುತ್ತದೆ, ತಂತಿಯಲ್ಲಿ ಇನ್ನಷ್ಟು ವೋಲ್ಟು ಇಳಿಯುತ್ತದೆ. ಹೊರಡುವ ಗಳಿಗೆಯಲ್ಲಂತೂ ಸುಮಾರು ಆರು ಪಟ್ಟು ಕರೆಂಟು ಬೇಕು. ಆಗಿನ ಪಾಡು ನೀವೇ ಊಹಿಸಿ. 6 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಆ 30 ವೋಲ್ಟು 13ಕ್ಕೆ ಇಳಿಯುತ್ತದೆ. ಮೂರನೆಯ ವೈಂಡಿಂಗ್ ಖರ್ಚನ್ನು ಕೇಬಲ್ಲಿಗೆ ಹಾಕಿ ಎನ್ನುವುದು ನನ್ನ ಸಲಹೆ, ವೈಂಡಿಂಗ್ ನನ್ನ ಹೊಟ್ಟೆಪಾಡಾದರೂ. ವೋಲ್ಟೇಜು ತೀರಾ ಕಡಿಮೆ ಇರುವ ಹೊತ್ತಿನಲ್ಲಿ ಗುಂಡಿ ಒತ್ತಬೇಡಿ.

ಓವರ್‌ಲೋಡ್ ರಿಲೇಯನ್ನು, ಅಂದರೆ ಕರೆಂಟು ಹೆಚ್ಚಾದರೆ ಮೋಟಾರು ನಿಲ್ಲಿಸುವ ಸಾಧನವನ್ನು, ಪದೇ ಪದೇ ಬೀಳುತ್ತದೆಂದು ಕೊನೆಯ ಅಂಕಿಗೆ ತಿರುಗಿಸಿ ಇಟ್ಟವರನ್ನು ಬಹಳ ಕಂಡಿದ್ದೇನೆ. ಅದು ನೇಮ್ ಪ್ಲೇಟಿನ ಆಂಪಿಯರಿಗೇ ಇರಬೇಕು. ಟಾಂಗ್ ಟೆಸ್ಟರಿನಿಂದ ಮೂರೂ ತಂತಿಯ ಕರೆಂಟು ಅಳೆಸಿ, ಮೂರೂ ಹೆಚ್ಚುಕಡಿಮೆ ಸಮ ಇರಬೇಕು. ಹೊಸ ವೈಂಡಿಂಗ್ ಆದ ಮೇಲೆ ನೀರು ಕಡಿಮೆ ಬಂದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು; ಲೈನು ಬಂದ್ ಮಾಡಿ ಯಾವುದಾದರೂ ಎರಡು ಫೇಸನ್ನು ಅದಲು ಬದಲು ಮಾಡಿಸಿದರೆ ಸಾಕು, ಸುತ್ತುವ ಕ್ಷೇತ್ರದ ದಿಕ್ಕೇ ಬದಲಾಗುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೆರಡು ಕೊಡ ನೀರು ಹಾಕಿ. ಒಣಗಿದ ಮಣ್ಣಿನ ರೋಧ ಹೆಚ್ಚು. ಎರೆ ಹೊಲದವರಿಗೂ ಇದೇ ಮಾತು, ನೆಲ ಬಿರುಕು ಬಿಟ್ಟಾಗ ಮಣ್ಣು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ.

ಮೋಟಾರಿನ ನೇಮ್ ಪ್ಲೇಟು ಮತ್ತು ಸುಟ್ಟ ಸುರುಳಿಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ, ಯಾವ ಕಾರಣ ಎಂದು ನೋಡಿ ಹೇಳುತ್ತೇನೆ. ಎಷ್ಟು ಫೇಸಿನ ಸುರುಳಿ ಸುಟ್ಟಿದೆ ಎಂದು ಮೊದಲು ಮಗಳು ಎಣಿಸಿ ಬರೆಯಲಿ.