ಮಡುವಿನಲ್ಲಿ ಮಾತ್ರ ಅಳೆದರೆ ಸಾಲದು

ಶಿರಸಿಯ ಸಹಸ್ರಲಿಂಗದ ಹತ್ತಿರ ಶಾಲ್ಮಲೆಯ ಒಂದು ಮಡುವಿನಲ್ಲಿ ಆಮ್ಲಜನಕ ಅಳೆದು, ಅದನ್ನೇ ಇಡೀ ಹೊಳೆಗೆ ಲೆಕ್ಕ ಹಿಡಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಡುವಿನಲ್ಲಿ ಗಾಳಿಗೂ ನೀರಿಗೂ ನಡುವೆ ನಡೆಯುವ ಅನಿಲದ ಕೊಡುಕೊಳ್ಳುವಿಕೆ ತೀರಾ ನಿಧಾನ.

ಅನಿಲ ದಾಟಬೇಕಾದದ್ದು ನೀರಿನ ಮೇಲಿನ ಬಹಳ ತೆಳು ಪದರವನ್ನು. ನೀರು ಸುಮ್ನೆ ನಿಂತಿದ್ದರೆ ಆ ಪದರ ಬೇಗ ಬದಲಾಗುವುದಿಲ್ಲ. ಬಂಡೆಗೆ ಬಡಿದರೆ ಸುಳಿ ಎದ್ದು ಅಡಿಯ ನೀರು ಮೇಲೆ ಬರುತ್ತದೆ. ನೊರೆ ಎದ್ದರಂತೂ ಇನ್ನೂ ಜೋರು. ಒಂದೊಂದು ಗುಳ್ಳೆಯ ಸುತ್ತಲೂ ನೀರಿಗೆ ಗಾಳಿ ತಾಗುತ್ತದೆ, ಅಲ್ವಾ? ಹಾಗಾಗಿ ಹೊಳೆಯ ಚಿಕ್ಕ ಚಿಕ್ಕ ಇಳಿಜಾರುಗಳೇ ಹೆಚ್ಚಿನ ಕೆಲಸ ಮಾಡಿಬಿಡುತ್ತವೆ. ಸರಾಸರಿ ಆಳ, ಸರಾಸರಿ ವೇಗ ಹಾಕಿ ಲೆಕ್ಕ ಮಾಡಿದರೆ ಇದು ಕಾಣುವುದೇ ಇಲ್ಲ.

ಕಾರ್ಬನ್ ಡೈಆಕ್ಸೈಡನ್ನೂ ನೋಡಿ. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಕಾಡಿನ ಮಣ್ಣಿನಿಂದ ಜಿನುಗುವ ನೀರು ಅದನ್ನು ಹೊತ್ತು ತರುತ್ತದೆ, ಬಂಡೆಗಳ ಜಾಗದಲ್ಲಿ ಅದು ಗಾಳಿಗೆ ಹೋಗುತ್ತದೆ. ಮೊದಲ ಇಳಿಜಾರಲ್ಲೇ ಬಹುಪಾಲು ಹೋದರೆ, ನಡುವೆ ಮತ್ತೆ ಜಿನುಗು ನೀರು ಸೇರದ ಹೊರತು ಮುಂದಿನದಕ್ಕೆ ಉಳಿಯುವುದು ಕಡಿಮೆ.

ಇಳಿಜಾರಿನ ಮೇಲೊಂದು ಕಡೆ, ಕೆಳಗೊಂದು ಕಡೆ ಅಳೆಯಿರಿ. ನೀರಿನ ಉಷ್ಣತೆಯನ್ನೂ ಬರೆದಿಡಿ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು 7.5 ಮಾತ್ರ. ಶಿರಸಿಯ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ.