ಮೂತ್ರ ಬರುತ್ತಿದ್ದರೂ ಮೂತ್ರಕೋಶ ಒಡೆದಿರಬಹುದೇ?

ಪ್ರಶ್ನೆ: ಎರಡು ದಿನಗಳ ಹಿಂದೆ ನಮ್ಮ ಗಂಡು ನಾಯಿಗೆ ಕಾರು ಬಡಿಯಿತು. ಮೈಮೇಲೆ ಗಾಯವಿರಲಿಲ್ಲ, ಎದ್ದು ಓಡಾಡಿತು. ಈಗ ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ, ಹೊಟ್ಟೆ ಉಬ್ಬಿದೆ. ಮೂತ್ರಕೋಶ ಒಡೆದಿದೆ ಎನ್ನುತ್ತಾರೆ ವೈದ್ಯರು. ಆದರೆ ಅದು ಸ್ವಲ್ಪ ಸ್ವಲ್ಪ ಮೂತ್ರ ಮಾಡುತ್ತಲೇ ಇದೆಯಲ್ಲ? ಒಡೆದದ್ದೇ ನಿಜವಾದರೆ, ಆಪರೇಷನ್ ಮಾಡದೆ ಡ್ರಿಪ್ ಹಾಕಿ ಕಾಯಿಸುತ್ತಿರುವುದೇಕೆ?

ಉತ್ತರ: ಮೂತ್ರ ಬರುತ್ತಿರುವುದನ್ನು ನಂಬಿ ಕೂರಬೇಡಿ. ತೂತು ಚಿಕ್ಕದಿದ್ದರೆ ಅಥವಾ ಮೇಲ್ಭಾಗದಲ್ಲಿದ್ದರೆ ಒಂದಿಷ್ಟು ಹೊರಗೆ ಬರುತ್ತದೆ, ಉಳಿದದ್ದು ಹೊಟ್ಟೆಯೊಳಗೆ ಸೋರುತ್ತದೆ. ಒಂದೆರಡು ದಿನ ನಾಯಿ ಚೆನ್ನಾಗಿಯೇ ಕಾಣುವುದೂ ಉಂಟು.

ಹೊಟ್ಟೆಯಿಂದ ಸೂಜಿಯಲ್ಲಿ ತೆಗೆದ ದ್ರವದ ಬಣ್ಣ ನೋಡಿ ಅದು ಮೂತ್ರವೇ ಎಂದು ತೀರ್ಮಾನಿಸಲಾಗದು. ರಕ್ತ ಬೆರೆತರೆ ಎಲ್ಲವೂ ಒಂದೇ ರೀತಿ ಕಾಣುತ್ತದೆ. ಅದೇ ಹೊತ್ತಿಗೆ ರಕ್ತವನ್ನೂ ತೆಗೆದು ಎರಡರಲ್ಲೂ ಕ್ರಿಯಾಟಿನಿನ್ (ಮೂತ್ರದಲ್ಲಿ ಹೊರಹೋಗುವ ಒಂದು ತ್ಯಾಜ್ಯ) ಅಳೆಯಬೇಕು. ದ್ರವದಲ್ಲಿ ಅದು ರಕ್ತದಲ್ಲಿರುವುದರ ಎರಡು ಪಟ್ಟು ಮೀರಿದ್ದರೆ ಅದು ಮೂತ್ರವೇ. ಪೊಟ್ಯಾಸಿಯಂ ನಾಯಿಯಲ್ಲಿ 1.4 ಪಟ್ಟು, ಬೆಕ್ಕಿನಲ್ಲಿ 1.9 ಪಟ್ಟು ಮೀರಿದ್ದರೂ ಅದೇ ಅರ್ಥ. ಮೂತ್ರದ ಇನ್ನೊಂದು ತ್ಯಾಜ್ಯವಾದ ಯೂರಿಯಾ ಇಲ್ಲಿ ಕೆಲಸಕ್ಕೆ ಬಾರದು: ಅದು ಬೇಗನೆ ರಕ್ತಕ್ಕೆ ಹಿಂತಿರುಗಿ ಎರಡೂ ಕಡೆ ಸಮನಾಗಿಬಿಡುತ್ತದೆ. ತೂತು ಎಲ್ಲಿದೆ ಎಂಬುದನ್ನು ಮೂತ್ರನಾಳದ ಮೂಲಕ ಕಾಂಟ್ರಾಸ್ಟ್ ದ್ರವ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ತೆಗೆಯುವ ಎಕ್ಸ್-ರೇ ತೋರಿಸುತ್ತದೆ.

ಇನ್ನು, ಕಾಯಿಸುತ್ತಿರುವ ವಿಷಯ. ನಿಮ್ಮ ವೈದ್ಯರು ಮಾಡುತ್ತಿರುವುದು ಸರಿ. ಈಗ ನಾಯಿಯ ಜೀವಕ್ಕೆ ಅಪಾಯ ತಂದಿರುವುದು ತೂತಿಗಿಂತ ಹೆಚ್ಚಾಗಿ, ಸೋರಿದ ಮೂತ್ರದಿಂದ ರಕ್ತಕ್ಕೆ ಮರಳಿ ಅಲ್ಲಿ ಏರಿರುವ ಪೊಟ್ಯಾಸಿಯಂ. ಇಷ್ಟು ಸೊರಗಿದ ನಾಯಿಯ ಹೃದಯ ವೇಗವಾಗಿ ಬಡಿದುಕೊಳ್ಳಬೇಕು. ಪೊಟ್ಯಾಸಿಯಂ ಏರಿದಾಗ ಅದು ನಿಧಾನವಾಗುತ್ತದೆ, ಇಸಿಜಿಯಲ್ಲಿ (ಹೃದಯ ಬಡಿತದ ವಿದ್ಯುತ್ ನಕ್ಷೆ) ಪಿ ಎಂಬ ಅಲೆ ಅಳಿಸಿಹೋಗಿ ಟಿ ಎಂಬ ಅಲೆ ಗುಡಾರದಂತೆ ಚೂಪಾಗುತ್ತದೆ. ಆ ಹೃದಯಕ್ಕೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೆಯೇ ನಿಂತುಹೋಗಬಹುದು. ಆದ್ದರಿಂದ ಮೊದಲು ಡ್ರಿಪ್, ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಇಳಿಸಲು ಗ್ಲೂಕೋಸ್ ಜೊತೆ ಇನ್ಸುಲಿನ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಮೂತ್ರವನ್ನು ಹೊರಹಾಕುವುದು: ಮೂತ್ರಕೋಶಕ್ಕೊಂದು ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ), ಬೇಕಿದ್ದರೆ ಹೊಟ್ಟೆಗೊಂದು ನಳಿಕೆ. ಇದಿಲ್ಲದೆ ಬರಿಯ ಡ್ರಿಪ್ ಹಾಕಿದ್ದರೆ ಮಾತ್ರ ಕಾರಣ ಕೇಳಿ.

ದೊಡ್ಡ ತೂತಿಗೆ ಹೊಲಿಗೆಯೇ ದಾರಿ. ಚಿಕ್ಕದಾದರೆ ಕೆಲವು ದಿನ ಕ್ಯಾಥೆಟರ್ ಇಟ್ಟು ಮೂತ್ರಕೋಶ ಖಾಲಿಯಿಟ್ಟರೆ ತಾನೇ ಕೂಡಿಕೊಳ್ಳುವುದುಂಟು. ದ್ರವದಲ್ಲಿ ಸೋಂಕು ಕಂಡರೆ ಲೆಕ್ಕ ಬೇರೆ; ಆಗ ಆಪರೇಷನ್ ಹೆಚ್ಚು ಹೊತ್ತು ಮುಂದೂಡಲಾಗದು. ನೋವಿನ ಮಾತ್ರೆಯನ್ನು ಮಾತ್ರ ನೀವಾಗಿ ಕೊಡಬೇಡಿ, ಮೂತ್ರಪಿಂಡ ಈಗಾಗಲೇ ಬಳಲಿದೆ.