ಮಂಗನ ಕಾಯಿಲೆ ಬಿಟ್ಟಿತು, ಸುಸ್ತು ಬಿಟ್ಟಿಲ್ಲ: ಸಿಇಟಿ ಬರೆಯಲೋ ಬೇಡವೋ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕಿನವಳು. ಫೆಬ್ರುವರಿ ಮೊದಲ ವಾರ ಮಂಗನ ಕಾಯಿಲೆ ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಜ್ವರ ಬಿಟ್ಟು ಐದು ವಾರವಾದರೂ ಅರ್ಧ ಗಂಟೆ ಓದಿದರೆ ತಲೆ ಭಾರವಾಗುತ್ತದೆ, ಕೈಕಾಲು ಸೋಲುತ್ತವೆ. ಪರೀಕ್ಷೆ-1ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕೈಕೊಟ್ಟವು. ಬಿಎಸ್ಸಿ ಕೃಷಿ ಸೇರುವ ಆಸೆ ನನ್ನದು. ಏಪ್ರಿಲ್‌ನಲ್ಲಿ ಸಿಇಟಿ ಇದೆ. ಒಂದು ವರ್ಷ ಬಿಟ್ಟುಬಿಡು ಅನ್ನುತ್ತಾರೆ ಅಮ್ಮ. ಗೆಳತಿಯರೆಲ್ಲ ಮುಂದೆ ಹೋಗಿಬಿಡುತ್ತಾರೆ ಎಂದು ರಾತ್ರಿ ನಿದ್ದೆಯೇ ಬರುವುದಿಲ್ಲ.

ಉತ್ತರ: ನಿನ್ನ ಸುಸ್ತು ಸೋಮಾರಿತನವಲ್ಲ. ಮನೆಗೆ ಬಂದವರು ‘ಜ್ವರ ಬಿಟ್ಟು ಎಷ್ಟು ದಿನವಾಯ್ತಲ್ಲ’ ಅಂದಾಗ ಕುಗ್ಗಬೇಡ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ರೋಗಕ್ಕೆ ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ದೇಹ ತಾನೇ ಹೋರಾಡಿ ಗೆಲ್ಲಬೇಕು. ಗೆದ್ದ ಮೇಲೂ ಬಲ ಮರಳಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಒಂದು ಎಚ್ಚರ ಮಾತ್ರ ಇರಲಿ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಎರಡನೇ ಸುತ್ತು ಬರುತ್ತದೆ. ನೀನು ಆ ಹೊತ್ತು ದಾಟಿದ್ದೀಯ. ಆದರೂ ಮತ್ತೆ ಜ್ವರ, ತೀವ್ರ ತಲೆನೋವು, ಕತ್ತು ಬಿಗಿತ, ಕೈನಡುಕ, ಕಣ್ಣು ಮಂಜಾಗುವುದು ಕಂಡರೆ ಪುಸ್ತಕ ಮುಚ್ಚಿ ಆ ದಿನವೇ ಆಸ್ಪತ್ರೆಗೆ ಹೋಗು. ತಲೆ ಭಾರ ಇಷ್ಟು ದಿನ ಉಳಿದಿರುವುದರಿಂದ ಈ ವಾರವೇ ಒಮ್ಮೆ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆಯನ್ನೂ ಮಾಡಿಸು.

ಇಂಥ ಚೇತರಿಕೆಯಲ್ಲಿ ಮಕ್ಕಳು ಎಡವುವುದನ್ನು ನಾನು ನೋಡಿರುವುದು ಚೆನ್ನಾಗಿರುವ ದಿನಗಳಲ್ಲೇ. ಒಂದು ಬೆಳಿಗ್ಗೆ ಹಗುರ ಅನ್ನಿಸುತ್ತದೆ. ಬಾಕಿಯನ್ನೆಲ್ಲ ಮುಗಿಸುವ ಹಟದಲ್ಲಿ ಆರು ಗಂಟೆ ಕೂರುತ್ತಾರೆ. ಮುಂದಿನ ಮೂರು ದಿನ ಹಾಸಿಗೆ ಬಿಡುವುದಿಲ್ಲ. ಆದ್ದರಿಂದ ಅರ್ಧ ಗಂಟೆಗೆ ಸೋಲುವ ನೀನು ಇಪ್ಪತ್ತು ನಿಮಿಷಕ್ಕೇ ಎದ್ದುಬಿಡು, ಸೋಲುವ ಮೊದಲೇ. ಕಣ್ಣು ಮುಚ್ಚಿ ಮಲಗು. ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಹಗುರಾದ ದಿನವೂ ಅದೇ ಲೆಕ್ಕ. ಮೂರ್ನಾಲ್ಕು ದಿನ ಏನೂ ತೊಂದರೆಯಾಗದಿದ್ದರೆ ಐದು ನಿಮಿಷ ಸೇರಿಸು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಒಮ್ಮೆಗೆ 80 ನಿಮಿಷ ಕೂರುವಷ್ಟು ಬಲ ಬಂದರೆ ಅದೇ ಈಗಿನ ದೊಡ್ಡ ತಯಾರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ದಣಿವಾದರೂ ಯಾವುದನ್ನೂ ಖಾಲಿ ಬಿಡಬೇಡ.

ಅಮ್ಮನ ಮಾತಿನ ಹಿಂದಿರುವುದು ಭಯ. ಮಗಳನ್ನು ಆ ಸ್ಥಿತಿಯಲ್ಲಿ ಕಂಡ ತಾಯಿ ಬೇರೇನು ಹೇಳಿಯಾಳು? ಆದರೆ ವರ್ಷ ಬಿಡುವ ತೀರ್ಮಾನ ಮಾರ್ಚ್‌ನಲ್ಲಿ ಆಗಬೇಕಿಲ್ಲ. ಸಿಇಟಿ ಬರೆದು ಬಾ. ಎರಡು ಪತ್ರಿಕೆ ಬರೆದು ಕೈಲಾಗದಿದ್ದರೆ ಎದ್ದು ಬಾ, ನಷ್ಟವೇನಿಲ್ಲ. ಕೃಷಿ ಸೀಟಿನ ರ್‍ಯಾಂಕಿಗೆ ಪಿಯುಸಿ ಅಂಕವೂ ಸೇರುತ್ತದಾದ್ದರಿಂದ ಕೈಕೊಟ್ಟ ಎರಡು ವಿಷಯಗಳನ್ನು ಪರೀಕ್ಷೆ-2ರಲ್ಲಿ ಮತ್ತೆ ಬರೆ. 2024ರಿಂದ ಈ ಅವಕಾಶವಿದೆ. ಎರಡರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅದು ಸಿಇಟಿ ಆದ ಮೇಲೆ ಬರುವುದರಿಂದ ದೇಹಕ್ಕೂ ಒಂದಿಷ್ಟು ದಿನ ಸಿಗುತ್ತದೆ. ಸೇರುವುದೋ ಬಿಡುವುದೋ ಎಂಬುದನ್ನು ಸೀಟು ಕೈಗೆ ಬಂದ ಮೇಲೆ, ಆಗಿನ ನಿನ್ನ ಬಲ ನೋಡಿ, ಅಮ್ಮನ ಜೊತೆ ಕೂತು ಯೋಚಿಸು.

ಕಾಗದಪತ್ರದ ಓಡಾಟ ನಿನ್ನ ಪಾಲಿನದಲ್ಲ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯ ದೃಢೀಕರಣ, ಇವನ್ನು ಮನೆಯವರು ಒಟ್ಟುಮಾಡಲಿ. ನೀನು ಬೇಕಾದದ್ದನ್ನು ಬರೆದುಕೊಟ್ಟರೆ ಸಾಕು.

ನಿಮ್ಮದು ಕೃಷಿಕರ ಮನೆಯಾಗಿದ್ದು, ಅರ್ಜಿಯಲ್ಲಿ ಕೃಷಿಕರ ಕೋಟಾ ಕೇಳಿದ್ದರೆ ಬೀಜ, ಬೆಳೆ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅದಕ್ಕೆ ಪುಸ್ತಕ ಹಿಡಿಯಬೇಕಿಲ್ಲ. ಸಂಜೆ ಜಗಲಿಯಲ್ಲಿ ಒರಗಿ ಕೂತುಕೋ. ಅಪ್ಪ ಮೊರದಲ್ಲಿ ಹತ್ತು ಬಗೆಯ ಬೀಜ ತಂದಿಡಲಿ, ನೀನು ಒಂದೊಂದರ ಹೆಸರು ಹೇಳು. ನಿದ್ದೆಗೆಡಿಸುವ ಗೆಳತಿಯರ ಗುಂಪಿನ ಮೆಸೇಜುಗಳನ್ನು ಬೆಳಿಗ್ಗೆ ನೋಡಿದರಾಯಿತು, ರಾತ್ರಿ ಎಂಟಕ್ಕೆ ಫೋನು ಅಮ್ಮನ ಕೈಗೆ ಕೊಟ್ಟುಬಿಡು.